ಬೀಫಾತುಮ್ಮನ ಉಸಿರು ಎಣಿಸಿದ್ದು

ಯಾರು ಏನು ಹೇಳಿದರೂ ‘ಅದು ಹೇಗೆ?’ ಎಂದು ಕೇಳದಿದ್ದರೆ ನನಗೆ ಉಂಡ ಅನ್ನ ಕರಗುವುದಿಲ್ಲ. ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆಗೆ ನನ್ನನ್ನು ತಯಾರು ಮಾಡಿದ ಮಾಷ್ಟ್ರು ಈ ಗುಣವನ್ನು ಬುದ್ಧಿ ಎಂದರು. ನರ್ಸಿಂಗ್ ತರಬೇತಿಯಲ್ಲಿ ಮೇಟ್ರನ್ ಅದನ್ನೇ ಅಧಿಕಪ್ರಸಂಗ ಎಂದರು. ಇಬ್ಬರಲ್ಲಿ ಯಾರು ಸರಿ ಎಂಬುದರ ಮೇಲೆ ವಾದಿಸಲು ನಾನು ಈಗಲೂ ಸಿದ್ಧ, ಎರಡೂ ಕಡೆಯಿಂದ.

ತರಬೇತಿಯಲ್ಲಿ ಕಲಿಸಿದ್ದು ಸುಲಭ. ನಾಡಿ ಹಿಡಿ, ಉಸಿರು ಎಣಿಸು, ಉಗುರಿಗೂ ತುಟಿಗೂ ನೀಲಿ ಹತ್ತಿದೆಯೇ ನೋಡು. ಹೃದಯ, ಶ್ವಾಸಕೋಶ, ರಕ್ತದ ಓಡಾಟ ಮೂರರ ಸುದ್ದಿಯೂ ಸಿಕ್ಕಿತು. ಹಾಗೆ ಸುಮ್ಮನೆ ನೋಡಿಸಿಕೊಳ್ಳುವ ಮನುಷ್ಯರು ಮಾತ್ರ ನಾನು ಕೆಲಸಕ್ಕೆ ಸೇರಿದ ಶಿರಿಯ ಊರಲ್ಲಿ ಇರಲಿಲ್ಲ. ಉಸಿರು ಎಣಿಸುತ್ತೇನೆಂದರೆ ಮೀನು ಹಿಡಿಯುವವರು ಹೊಳೆಯಲ್ಲಿ ಮುಳುಗುವವರಂತೆ ಎದೆ ತುಂಬ ಗಾಳಿ ಎಳೆದು, ಹಿಡಿದಿಟ್ಟುಕೊಂಡು, ಎಷ್ಟಾಯಿತೆಂದು ಕಣ್ಣಲ್ಲೇ ಕೇಳುತ್ತಿದ್ದರು. ಅಂಥವರ ಮುಂದೆ ನಾಡಿ ನೋಡುವ ನಾಟಕ ಹೂಡಿ ಕಳ್ಳತನದಲ್ಲಿ ಉಸಿರು ಎಣಿಸಬೇಕು. ಕೂಸುಗಳಾದರೆ ತಾಯಿಯ ಮಡಿಲಲ್ಲಿ ನಿದ್ದೆ ಹೋಗುವವರೆಗೆ ಕಾದು, ಹೊಟ್ಟೆ ಏರಿಳಿಯುವುದನ್ನು ನೋಡಬೇಕು.

ನನ್ನ ಉಪಾಯಗಳೆಲ್ಲ ಮುಗಿದುಹೋದದ್ದು ಒಣಮೀನಿನ ವ್ಯಾಪಾರಿ ಅಬ್ಬುವಿನ ಮನೆಯಲ್ಲಿ. ಅವನ ತಾಯಿ ಬೀಫಾತುಮ್ಮ ಕೆಲವು ದಿನಗಳಿಂದ ಮಲಗಲಾಗದೆ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ನಾಡಿ ನೋಡಲು ಗಂಡಸರಿಗೆ ಅವರು ಕೈ ಕೊಡುವವರಲ್ಲ, ನೀನೇ ಹೋಗಿ ನೋಡು, ಕಷ್ಟ ಕಂಡರೆ ನಾಳೆಯೇ ಮಂಗಳೂರಿನ ರೈಲು ಹತ್ತಿಸು ಎಂದು ನಮ್ಮ ಧರ್ಮಾಸ್ಪತ್ರೆಯ ಡಾಕ್ಟರು ನನ್ನನ್ನು ಕಳಿಸಿದರು. ಹೋಗಿ ನೋಡಿದರೆ ಉಗುರಿಗೆ ಮದರಂಗಿ, ತುಟಿಗೆ ಎಲೆಯಡಿಕೆ. ನಾಲಗೆ ನೋಡೋಣವೆಂದರೆ ಅದು ತುಟಿಗಿಂತ ಕೆಂಪು. ನೀಲಿ ಇಣುಕುವುದಕ್ಕೆ ಆ ಮೈಯಲ್ಲಿ ಎಲ್ಲೂ ಜಾಗ ಉಳಿದಿರಲಿಲ್ಲ. ನಾಡಿ ಜೋರಾಗಿ ಓಡುತ್ತಿದೆ ಎಂದೆ. “ನಿನ್ನನ್ನು ಕಂಡು ಹೆದರಿ ಓಡ್ತಾ ಉಂಟು ಮೋಳೆ, ನೀನು ಹೋದ ಮೇಲೆ ಅದೂ ಕೂತುಕೊಳ್ತದೆ” ಎಂದರು, ಮಗಳೇ ಎಂದು ಕರೆಯುತ್ತಲೇ. ಕಾಲು ಊದಿದೆ ಎಂದೆ. ಈ ಪ್ರಾಯದಲ್ಲಿ ಯಾರದು ಊದುವುದಿಲ್ಲ ಎಂದು ಕೇಳಿದರು. ಅಬ್ಬು ತಾಯಿಯನ್ನೂ ನನ್ನನ್ನೂ ಒಮ್ಮೆ ನೋಡಿ, ಗೆಲ್ಲುವ ಪಕ್ಷಕ್ಕೆ ಸೇರಿಕೊಂಡ.

ನಾನು ಬಿಡುವವಳೇ? ವಾದಕ್ಕೆ ಕೂತೆ. ಎದುರಾಳಿ ಉಸಿರು ಎಳೆದುಕೊಳ್ಳುವ ಸಂದಿಯಲ್ಲಿ ನುಗ್ಗಬೇಕೆಂಬುದು ಮಾಷ್ಟ್ರು ಕಲಿಸಿದ ವಿದ್ಯೆ. ನುಗ್ಗಿದೆ. ಮತ್ತೆ ನುಗ್ಗಿದೆ. ಎರಡು ಪದಕ್ಕೊಂದು ಸಂದಿ ಸಿಗುತ್ತಿತ್ತು. ಇಷ್ಟು ಸಲೀಸಾಗಿ ಈ ಊರಲ್ಲಿ ಯಾರೂ ನನಗೆ ಜಾಗ ಬಿಟ್ಟುಕೊಟ್ಟಿರಲಿಲ್ಲ. ಸಂಶಯ ಬಂದು ಬಾಯಿ ಮುಚ್ಚಿ ಕೇಳಿದೆ.

“ಮಂಗಳೂರಿಗೆ... ಹೋದವರು... ಎಷ್ಟು ಮಂದಿ... ತಿರುಗಿ ಬಂದಿದ್ದಾರೆ... ಹೇಳು.”

ವಾದದಲ್ಲಿ ಹುಳುಕಿರಲಿಲ್ಲ, ಹುಳುಕಿದ್ದದ್ದು ಉಸಿರಿನಲ್ಲಿ. ಮದರಂಗಿ ಹಚ್ಚಿ ಮರೆಮಾಡಲಾಗದ ಜಾಗ ಅದೊಂದೇ.

“ಉಮ್ಮ, ಒಂದು ಮಾತಿಗೆ ನಿಮಗೆ ನಾಲ್ಕು ಸಲ ಉಸಿರು ಬೇಕಾಗ್ತದೆ” ಎಂದೆ. “ಹೀಗೇ ಬಿಟ್ಟರೆ ಇನ್ನು ಸ್ವಲ್ಪ ದಿನಕ್ಕೆ ನನಗೆ ಬಯ್ಯಲಿಕ್ಕೂ ನಿಮ್ಮಿಂದ ಆಗುವುದಿಲ್ಲ.”

ಸಾಯುವ ಮಾತಿಗೆ ಜಗ್ಗದವರು ಈ ನಷ್ಟದ ಬಗ್ಗೆ ಯೋಚಿಸಿದರು. ಕೊನೆಗೆ, “ಬರ್ತೇನೆ. ಆಸ್ಪತ್ರೆ ಮುಟ್ಟುವವರೆಗೆ... ನೀನು ಒಂದಕ್ಷರ... ಮಾತಾಡಬಾರದು” ಎಂದರು. ಒಪ್ಪಿದೆ.

ಮರುದಿನ ರೈಲಿನ ಮಸಿಗೆ ಹೆದರಿ ನಾನು ಬಿಳಿ ಉಡುಪು ಬಿಟ್ಟು ಮನೆಯ ಸೀರೆ ಉಟ್ಟಿದ್ದೆ. ಹೆಂಗಸರ ಡಬ್ಬಿಯಲ್ಲಿ ಉಮ್ಮ ತಡೆತಡೆದು ನನ್ನ ಕಥೆ ಹೇಳಿದರು: ಈ ಹುಡುಗಿಗೆ ಕೈಯಲ್ಲಿ ನಾಡಿ ಎಲ್ಲುಂಟೆಂದೇ ಗೊತ್ತಿಲ್ಲ, ಎಲೆಯಡಿಕೆ ಕಂಡರೆ ಕಾಯಿಲೆ ಎನ್ನುತ್ತಾಳೆ. ಒಂದೊಂದಕ್ಕೂ ನನ್ನಲ್ಲಿ ಭರ್ಜರಿ ಉತ್ತರವಿತ್ತು. ಉತ್ತರಗಳೆಲ್ಲ ಗಂಟಲಲ್ಲಿ ಒತ್ತೊತ್ತಾಗಿ ಕೂತು ನನಗೆ ಬೆವರು ಕಿತ್ತುಕೊಂಡಿತು.

ಉಮ್ಮ ಮುಂದೆ ಚೇತರಿಸಿಕೊಂಡು, ಒಂದೇ ಉಸಿರಿನಲ್ಲಿ ನನ್ನನ್ನು ಬಯ್ಯುವಷ್ಟಾದರು. ಆದರೆ ಆ ದಿನ ಮಂಗಳೂರಿನ ಲೇಡಿ ಡಾಕ್ಟರಿಗೆ ಕಂಡದ್ದು ಇಬ್ಬರು ಹೆಂಗಸರು: ಒಬ್ಬರು ಕೆಂಪು ತುಟಿಯ ಮಾತುಗಾರ್ತಿ, ಇನ್ನೊಬ್ಬಳು ಬೆವತು ಬಿಳಿಚಿಕೊಂಡ ಮೂಗಿ. ಡಾಕ್ಟರು ನೇರ ಬಂದು ನನ್ನನ್ನು ಮಂಚದ ಮೇಲೆ ಕೂರಿಸಿ ಕೈ ಹಿಡಿದರು. “ಪಾಪ, ಬೆಳಿಗ್ಗೆಯಿಂದ... ಹೀಗೇ” ಎಂದರು ಉಮ್ಮ. ನಿಜ ಹೇಳಬಹುದಿತ್ತು. ಆದರೆ ‘ಆಸ್ಪತ್ರೆ ಮುಟ್ಟುವುದು’ ಎಂದರೆ ಗೇಟು ದಾಟುವುದೋ, ಉಮ್ಮ ಮಂಚ ಹತ್ತುವುದೋ ಎಂಬುದನ್ನು ನಾವು ಮೊದಲೇ ಇತ್ಯರ್ಥ ಮಾಡಿಕೊಂಡಿರಲಿಲ್ಲ. ಬಾಯಿ ಬಿಟ್ಟು ಸೋಲುವ ಪಕ್ಷಕ್ಕೆ ಇಳಿಯುವವಳು ನಾನಲ್ಲ. ಇನ್ನೊಂದು ಕೈಯನ್ನೂ ಮುಂದೆ ಚಾಚಿದೆ.