ನಾಲ್ವರ ತಿಂಡಿ, ಒಬ್ಬನ ಕಂಬಳಿ

ಕಳೆದ ಭಾನುವಾರ ಮೂರ್ನಾಡಿನ ಒಂದು ಹೋಟೆಲಿನಲ್ಲಿ ಬಸ್ಸಿಗಾಗಿ ಕಾಯುತ್ತ ಕುಳಿತಿದ್ದೆ. ಪಕ್ಕದ ಮೇಜಿನ ಐವರು ತರುಣರು ತಿಂದದ್ದು ಹತ್ತು ನಿಮಿಷ, ಬಿಲ್ಲು ಹಂಚಿಕೊಂಡದ್ದು ಅರ್ಧ ಗಂಟೆ. ಇಂಥದ್ದು ಇಂದಿಗೂ ನಡೆಯುತ್ತಿದೆಯಲ್ಲ ಎಂದು ಕುತೂಹಲದಿಂದ ನೋಡುತ್ತ ಎರಡು ಬಸ್ಸು ತಪ್ಪಿಸಿಕೊಂಡೆ. ಮೂರನೆಯದರಲ್ಲಿ ಕುಳಿತಾಗ, ಕೊಡಗು ತಾನೇ ಒಂದು ರಾಜ್ಯವಾಗಿದ್ದ ದಿನಗಳ ನಮ್ಮದೇ ವೃತ್ತಾಂತ ನೆನಪಾಯಿತು.

ಆಗ ನಾನು ಮಡಿಕೇರಿಯಲ್ಲಿ ಕನ್ನಡ ಪಂಡಿತ. ಪ್ರತಿ ತಿಂಗಳು ಸಂಬಳ ಬಂದ ಮೇಲಿನ ಮೊದಲ ಶನಿವಾರ ನಾವು ನಾಲ್ವರು ಪೇಟೆಯ ಹೋಟೆಲಿನಲ್ಲಿ ಸೇರುತ್ತಿದ್ದೆವು: ನಿವೃತ್ತ ಸುಬೇದಾರರು, ಕಚೇರಿಯ ಗುಮಾಸ್ತರು, ಪಾಲಿಬೆಟ್ಟದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಮತ್ತು ಸ್ವಭಾವತಃ ಮಿತಾಹಾರಿಯಾದ ನಾನು. ಬಿಲ್ಲು ಪ್ರತಿಸಲವೂ ಹೆಚ್ಚುಕಡಿಮೆ ಒಂದು ರೂಪಾಯಿ ಒಂಬತ್ತಾಣೆ. ಆಗ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಕಾಸು. ನಮಗೆ ಬಡಿಸುತ್ತಿದ್ದವನು ಸಂಪಾಜೆಯ ಕಡೆಯ ನಡುವಯಸ್ಸಿನ ಮನುಷ್ಯ. ಘಟ್ಟದ ಕೆಳಗಿನ ಸೆಕೆಯಲ್ಲಿ ಬೆಳೆದ ಆ ಮೈಗೆ ಮಡಿಕೇರಿಯ ಚಳಿ ಒಗ್ಗದೆ, ಹೋಟೆಲಿನ ಹಿಂದಿನ ಕೋಣೆಯಲ್ಲಿ ಗೋಣಿ ಹೊದ್ದು ಮಲಗುತ್ತಿದ್ದ. “ಆರು ರೂಪಾಯಿಗೆ ಒಳ್ಳೆ ಕಂಬಳಿ ಉಂಟು ಸ್ವಾಮಿ. ಸಂಬಳವೆಲ್ಲ ಊರಿಗೆ ಹೋಗ್ತದೆ. ನೀವು ನಾಲ್ಕು ಜನ ಕೊಡುವ ಇನಾಮಿನಲ್ಲೇ ಅದು ಆಗಬೇಕು” ಎಂದು ಮೊದಲ ದಿನವೇ ಮುಚ್ಚುಮರೆಯಿಲ್ಲದೆ ಹೇಳಿದ್ದ.

೧. ಸಮಪಾಲು

ಮೊದಲ ವಿಧಾನವನ್ನು ಸೂಚಿಸಿದವರು ಗುಮಾಸ್ತರು. “ಯಾರು ಏನು ತಿಂದರೆಂಬ ವಿಚಾರಣೆಯೇ ಬೇಡ. ನಾಲ್ಕು ತಲೆ, ನಾಲ್ಕು ಪಾಲು. ತಲೆಗೆ ಆರಾಣೆ ಮೂರು ಕಾಸು.” ಆ ದಿನ ಹೊಟ್ಟೆ ಕೆಟ್ಟಿದ್ದ ರೈಟರು ಒಂದು ಲೋಟ ಜೀರಿಗೆ ನೀರು ಕುಡಿದು ಆರಾಣೆ ಮೂರು ಕಾಸು ತೆತ್ತರು. “ಮಿತವಾಗಿ ತಿನ್ನುವವರಿಗೆ ಇದರಲ್ಲಿ ನಷ್ಟವೇ” ಎಂದು ನಾನೂ ಅವರಿಗೆ ದನಿಗೂಡಿಸಿದೆ.

ಮೆಟ್ಟಿಲಿಳಿಯುವಷ್ಟರಲ್ಲಿ ಬಡಿಸುವವನು ಹಿಂದೆಯೇ ಬಂದ. “ಸ್ವಾಮಿ, ಕಂಬಳಿಗೆ?”

“ಸುಬೇದಾರರು ಇಟ್ಟರಲ್ಲ!” ಎಂದರು ಗುಮಾಸ್ತರು. “ಪಂಡಿತರು ಇಡುತ್ತಾರೆಂದುಕೊಂಡೆ” ಎಂದರು ಸುಬೇದಾರರು. ನಾನು ರೈಟರನ್ನು ನೋಡಿದೆ. ರೈಟರು ಹೊಟ್ಟೆ ಹಿಡಿದುಕೊಂಡಿದ್ದರು. “ಕೊಡಬೇಕೆಂದು ನಾಲ್ವರ ಮನಸ್ಸಿನಲ್ಲೂ ಇತ್ತಪ್ಪ” ಎಂದು ಗುಮಾಸ್ತರು ಸಮಾಧಾನ ಹೇಳಿದರು.

“ಎಂತ ಮಾಡುದು ಸ್ವಾಮಿ! ಮನಸ್ಸಿನಲ್ಲಿ ನಾಲ್ಕು ಸಲ ಬಂತು, ತಟ್ಟೆಯಲ್ಲಿ ಒಂದು ಸಲವೂ ಬರಲಿಲ್ಲ” ಎಂದು ಅವನು ಒಳಗೆ ಹೋದ.

೨. ರೈಟರ ಚೆಕ್‌ರೋಲು

ಜೀರಿಗೆ ನೀರಿನ ನೋವನ್ನು ಮರೆಯದ ರೈಟರು ಕೆಲವು ತಿಂಗಳ ಬಳಿಕ, ಎಸ್ಟೇಟಿನಲ್ಲಿ ಆಳುಗಳ ಹಾಜರಿ ಗುರುತಿಸುವ ಚೆಕ್‌ರೋಲನ್ನೇ ಹೋಲುವ ಒಂದು ಪುಸ್ತಕ ತಂದರು. ನಾಲ್ಕು ಸಾಲುಗಳಲ್ಲಿ ನಾಲ್ವರ ಹೆಸರು. ತಟ್ಟೆಯೊಂದಕ್ಕೆ ಒಂದು ಗೀಟು. ಸುಬೇದಾರರು ನನ್ನ ತಟ್ಟೆಯಿಂದ ಅರ್ಧ ವಡೆ ಮುರಿದುಕೊಂಡಾಗ, “ಅರ್ಧ ದಿನದ ಹಾಜರಿ” ಎಂದು ರೈಟರು ಗಂಭೀರವಾಗಿ ಬರೆದುಕೊಂಡರು.

ಮೊತ್ತ ಕೂಡಿಸುವ ಹೊತ್ತಿಗೆ ಸಾಂಬಾರಿನ ಬಟ್ಟಲು ಉರುಳಿ, ನನ್ನ ಸಾಲಿನ ಗೀಟುಗಳು ಮಾತ್ರ ಸಂಪೂರ್ಣವಾಗಿ ತೊಳೆದುಹೋದವು. ಉರುಳಿಸಿದವರು ಯಾರೆಂಬುದು ಕೊನೆಗೂ ನಿರ್ಣಯವಾಗಲಿಲ್ಲ. ಮರಳಿ ಸಮಪಾಲೇ ಆಯಿತು.

“ನನ್ನದು?” ಎಂದ ಬಡಿಸುವವನು.

ರೈಟರು ಪುಸ್ತಕದ ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿದರು. “ನಿನ್ನ ಹೆಸರೇ ಇದರಲ್ಲಿಲ್ಲ ಮಾರಾಯ. ಹೆಸರಿಲ್ಲದವನಿಗೆ ಕೂಲಿ ಕೊಟ್ಟರೆ ನಮ್ಮ ಎಸ್ಟೇಟಿನ ದೊರೆ ಸುಮ್ಮನಿರುತ್ತಾನೆಯೇ?”

“ನಿಮ್ಮ ದೊರೆಗೆ ಕಂಬಳಿ ಉಂಟಲ್ಲ ಸ್ವಾಮಿ!” ಎಂದ ಅವನು.

೩. ಬೇಟೆಯ ಪಾಲು

ಸುಬೇದಾರರಿಗೆ ಈ ಕಾಗದ ಪೆನ್ಸಿಲು ಹಿಡಿಸಲಿಲ್ಲ. “ನಮ್ಮಲ್ಲಿ ಬೇಟೆ ಹಂಚುವುದಕ್ಕೆ ಎಂದಾದರೂ ಜಗಳವಾಗಿದೆಯೇ? ಗುಂಡು ಹೊಡೆದವನಿಗೆ ಅವನದು, ಸುತ್ತುಗಟ್ಟಿದವರಿಗೆ ಅವರದು. ಓಡಿ ದಣಿದ ನಾಯಿಗೂ ಪಾಲುಂಟು. ಇಲ್ಲಿ ನಾವು ಕುಳಿತೇ ಇದ್ದೆವು. ಓಡಿದವನು ಇವನೊಬ್ಬನೇ. ಇವನಿಗೂ ಸಮನಾದ ಒಂದು ಪಾಲಾಗಲಿ!”

ನ್ಯಾಯ ಎಷ್ಟು ಉದಾತ್ತವಾಗಿತ್ತೆಂದರೆ ನಾನು ಮೇಜು ತಟ್ಟಿದೆ. ಬಡಿಸುವವನ ಮುಖ ಅರಳಿತು. “ನಾಯಿ ಎಂದರೂ ಅಡ್ಡಿ ಇಲ್ಲ ಸ್ವಾಮಿ, ಪಾಲು ಬರಲಿ.”

ಗುಮಾಸ್ತರು ಒಡನೆಯೇ ಭಾಗಿಸಿದರು. “ಇಪ್ಪತ್ತೈದಾಣೆ, ಐದು ಪಾಲು. ತಲೆಗೆ ಐದಾಣೆ. ತೆಗೆಯಪ್ಪ ನಿನ್ನ ಐದಾಣೆ.”

ಕಾಡಿನಲ್ಲಿ ಹಂಚುವುದು ಬಂದದ್ದನ್ನು, ಹೋಟೆಲಿನಲ್ಲಿ ಹಂಚುವುದು ಕೊಡಬೇಕಾದದ್ದನ್ನು ಎಂಬ ಸೂಕ್ಷ್ಮ ಆವರೆಗೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅವನು ಎರಡು ಹೆಜ್ಜೆ ಹಿಂದೆ ಸರಿದ. “ಕಂಬಳಿ ಬರುವುದು ಹಾಗಿರಲಿ, ಉಟ್ಟ ಪಂಚೆಯೂ ಹೋಗುವ ಹಾಗೆ ಕಾಣ್ತದೆ!”

೪. ಗಲ್ಲಾದ ಕೂಗು

ಆ ಕಾಲದ ಹೋಟೆಲುಗಳಲ್ಲಿ ಚೀಟಿ ಇರಲಿಲ್ಲ. ಗಿರಾಕಿಗಳು ಎದ್ದೊಡನೆ ಬಡಿಸುವವನು ನಿಂತಲ್ಲಿಂದಲೇ ಮೊತ್ತವನ್ನು ಕೂಗುತ್ತಿದ್ದ. ಗಲ್ಲಾದ ಯಜಮಾನರು ಅದನ್ನು ವಸೂಲು ಮಾಡುತ್ತಿದ್ದರು. ನಮ್ಮದು ಯಾವಾಗಲೂ “ನಾಲ್ವರಿಗೆ ಒಂದು ರೂಪಾಯಿ ಒಂಬತ್ತಾಣೆ” ಎಂಬ ಒಂದೇ ಕೂಗು.

ನಾವು ಸೇರಲಾರಂಭಿಸಿ ಆಗ ಒಂದು ವರ್ಷ. ಚಳಿ ಮತ್ತೆ ಬಂದಿತ್ತು. ಗಲ್ಲಾದ ಬಳಿ ನಾನು ಎಂದಿನಂತೆ “ಮಿತಾಹಾರಿಗೆ ಸಮಪಾಲೆಂಬುದು ದಂಡ” ಎಂದು ನಿಟ್ಟುಸಿರು ಬಿಟ್ಟೆ. ಬಡಿಸುವವನಿಗೆ ಏನನ್ನಿಸಿತೋ, ತುಂಬಿದ ಹೋಟೆಲಿನ ನಡುವೆ ನಿಂತು ಬೇರೆಬೇರೆಯಾಗಿ ಕೂಗತೊಡಗಿದ.

“ಸುಬೇದಾರರು: ಎರಡು ಇಡ್ಲಿ, ಒಂದು ಕಾಫಿ, ನಾಲ್ಕಾಣೆ! ಗುಮಾಸ್ತರು: ಒಂದು ಮಸಾಲೆ ದೋಸೆ, ಒಂದು ಕಾಫಿ, ಐದಾಣೆ! ರೈಟರು: ಬರೀ ಕಾಫಿ, ಎರಡಾಣೆ! ಪಂಡಿತರು...”

ಇಲ್ಲಿ ಅವನು ಉಸಿರು ತೆಗೆದುಕೊಂಡ.

“ಒಂದು ಮಸಾಲೆ ದೋಸೆ, ಇನ್ನೂ ಒಂದು ಮಸಾಲೆ ದೋಸೆ, ಎರಡು ವಡೆ, ಒಂದು ಕೇಸರಿಬಾತು, ಒಂದು ಕಾಫಿ, ಮತ್ತೂ ಒಂದು ಕಾಫಿ, ಹದಿನಾಲ್ಕಾಣೆ!”

ನನ್ನ ಇಬ್ಬರು ವಿದ್ಯಾರ್ಥಿಗಳ ತಂದೆಯೊಬ್ಬರು ದೋಸೆಯನ್ನು ಬಾಯ ಬಳಿ ಹಿಡಿದು ಹಾಗೆಯೇ ಕುಳಿತಿದ್ದರು.

“ಇದು ಇವತ್ತಿನದು ಮಾತ್ರವೋ?” ಎಂದರು ರೈಟರು ಮೆಲ್ಲಗೆ.

“ಪ್ರತಿ ತಿಂಗಳೂ ಇದೇ ಸ್ವಾಮಿ. ಆ ಸಾಂಬಾರಿನ ದಿನ ಒಂದು ವಡೆ ಹೆಚ್ಚು.”

ರೈಟರು ಪೆನ್ಸಿಲು ತೆಗೆದರು. ಸಮಪಾಲಿನಿಂದ ತಿಂಗಳಿಗೆ ನಾನು ಉಳಿಸಿದ್ದು ಏಳಾಣೆ ಒಂಬತ್ತು ಕಾಸು. ವರ್ಷಕ್ಕೆ ಐದು ರೂಪಾಯಿ ಹದಿಮೂರಾಣೆ. ಸುಬೇದಾರರು ಸ್ವಲ್ಪ ಹೊತ್ತು ಮೀಸೆ ತಿರುವಿ ತೀರ್ಪು ಕೊಟ್ಟರು: “ಪಂಡಿತರೇ, ನೀವು ನಮಗೆ ಕೊಡಬೇಕು, ನಾವು ಇವನಿಗೆ ಕೊಡಬೇಕು. ನಡುವೆ ನಾವೇಕೆ? ನೀವೇ ಕೊಟ್ಟುಬಿಡಿ. ಆರು ರೂಪಾಯಿಗೆ ಇನ್ನು ಮೂರಾಣೆ ಕಡಮೆ. ಅದು ನನ್ನ ಇನಾಮು!”

ಮಾರನೆಯ ದಿನ ನಾನೇ ಹೋಗಿ ಕಂಬಳಿ ಕೊಂಡು ತಂದುಕೊಟ್ಟೆ. ಅವನು ಅದನ್ನು ಹೊದ್ದುಕೊಂಡೇ ಬಡಿಸಿದ. ಆ ಮೇಲೆ ನಾವು ನಾಲ್ವರೂ ನಮ್ಮ ನಮ್ಮ ತಿಂಡಿಗೆ ನಾವೇ ದುಡ್ಡು ಕೊಡುತ್ತಿದ್ದೆವು. ನನ್ನ ಆಹಾರ ಆ ತಿಂಗಳಿನಿಂದ ನಿಜವಾಗಿಯೂ ಮಿತವಾಯಿತು.