ಕಡಲಪಾಚಿ ಟಾನಿಕ್ ಮತ್ತು ನಮ್ಮ ಮನೆಯ ತೊಂಡೆ ಚಪ್ಪರ

ಬಾಟಲಿಯಲ್ಲಿ ಏನನ್ನಾದರೂ ಮಾರುವವನ ಎದುರು ಈ ಕೆಳಗಿನಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ, ನಾನೇನೂ ಹುಡುಕಿಕೊಂಡು ಹೋಗುವುದಿಲ್ಲ. ಕುಂದಾಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಕಡಲಪಾಚಿಯ ಟಾನಿಕ್, ಮೀನಿನ ಟಾನಿಕ್, ಬೇವಿನ ಹಿಂಡಿ, ಎರೆಗೊಬ್ಬರ ಇಟ್ಟಿದ್ದೇನೆ. ಮನೆಯಂಗಳದಲ್ಲಿ ನಾಲ್ಕು ಬೆಂಡೆ, ಎರಡು ಬಸಳೆ ಬೆಳೆಸುವವರೇ ಗಿರಾಕಿಗಳು. ಅವರೆಲ್ಲ ಕಡೆಗೆ ಕೇಳುವುದು ಒಂದೇ: "ನಿಮ್ಮನಿ ಗಿಡಕ್ಕ್ ಎಂತ ಹಾಕ್ತ್ರಿ?"

ಆಗ ನಾನು ಬಾಟಲಿಗಳ ಧೂಳು ಒರೆಸಲು ಶುರು ಮಾಡುತ್ತೇನೆ. ಯಾಕೆಂದರೆ ಮನೆಯ ತೋಟ ಹೆಂಡತಿಯದ್ದು. ಅವಳು ನನ್ನ ಅಂಗಡಿಯ ಒಂದೇ ಒಂದು ಬಾಟಲಿಯನ್ನೂ ಗಿಡದ ಬುಡಕ್ಕೆ ಬಿಟ್ಟುಕೊಂಡವಳಲ್ಲ. ಈ ಸಂಗತಿ ಹೊರಗೆ ಬಿದ್ದರೆ ಅಂಗಡಿಗೆ ಬಾಗಿಲು ಹಾಕುವುದೇ.

೧. ಪರೀಕ್ಷೆ

ಒಬ್ಬರು ನಿವೃತ್ತ ಮೇಷ್ಟ್ರಿಗೆ ಮೀನಿನ ಟಾನಿಕ್ಕಿನಲ್ಲಿ ನಿಜಕ್ಕೂ ಮೀನು ಇದೆಯೋ ಎಂಬ ಸಂಶಯ. ನಾನು ಮುಚ್ಚಳ ತೆಗೆದು ತೋರಿಸಿದೆ. ಅವರಿಗೆ ಸಾಲದೆ, ಅಂಗಡಿಯ ಮೆಟ್ಟಿಲ ಬದಿಯಲ್ಲಿ ಬುಟ್ಟಿ ಇಟ್ಟು ಕೂತಿದ್ದ ಮೀನಿನ ಹೆಂಗಸಿನ ಕೈಗೆ ಬಾಟಲಿ ಕೊಟ್ಟರು.

"ಇದ್ರಗ್ ಮೀನ್ ಇತ್ತಾ, ಕಾಣಿ."

ಅವಳು ಮೂಸಿದಳು. ಸ್ವಲ್ಪ ಹೊತ್ತು ಯೋಚಿಸಿ ಮತ್ತೊಮ್ಮೆ ಮೂಸಿದಳು.

"ಮೀನೇ ಹೌದ್, ಬೂತಾಯಿ. ಆರೆ ಇವತ್ತಿಂದಲ್ಲ."

ಮೇಷ್ಟ್ರು ಬಾಟಲಿಯನ್ನು ಮೇಜಿನ ಮೇಲಿಟ್ಟರು. "ಹಂಗಾರೆ ತಾಜಾ ಬಂದ ದಿನ ಬತ್ತೆ" ಎಂದು ಕೊಡೆ ಬಿಡಿಸಿ ಹೊರಟರು.

೨. ಬಡಿಸುವ ಕೈ

ವಂಡ್ಸೆಯ ಇನ್ನೊಬ್ಬರು ಮುಂಬೈಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ ಊರಿಗೆ ಬಂದವರು. ಕಡಲಪಾಚಿ ಟಾನಿಕ್ಕನ್ನು ಲೀಟರು ನೀರಿಗೆ ಎರಡೇ ಎಂ.ಎಲ್. ಬೆರೆಸಿ, ಹದಿನೈದು ದಿನಕ್ಕೊಮ್ಮೆ ಹಾಕಿ ಎಂದು ಹೇಳಿ ಕಳಿಸಿದ್ದೆ. ತಿಂಗಳು ಕಳೆದು ಬಂದರು, ಕೈಯಲ್ಲಿ ಒಂದು ಹೀರೆ ಎಲೆ. ಅದರಲ್ಲಿ ಒಬ್ಬರು ಆರಾಮವಾಗಿ ಊಟ ಮಾಡಬಹುದಿತ್ತು.

"ಎಲೆ ಕಾಣಿ. ಕಾಯಿ ಒಂದೂ ಇಲ್ಲೆ."

"ಹದಿನೈದ್ ದಿನಕ್ಕ್ ಒಂದ್ ಸಲವೇ ಹಾಕಿದ್ರಾ?"

"ಎಂತ ಮಾತ್ ಮಾರಾಯ್ರೆ. ಬೆಳಿಗ್ಗೆ ಒಂದ್ ಸಲ, ಮಧ್ಯಾಹ್ನ ಒಂದ್ ಸಲ, ಸಂಜೆ ಚಾ ಹೊತ್ತಿಗ್ ಒಂಚೂರ್."

"ಅಷ್ಟೆಲ್ಲ ಹಾಕೂಕಿಲ್ಲೆ. ಗಿಡಕ್ಕ್ ಜಾಸ್ತಿ ಆತ್ತ್."

ಅವರಿಗೆ ಬೇಸರವಾಯಿತು. "ಜಾಸ್ತಿ ಆರೆ ಗಿಡವೇ ಹೇಳ್ಬೇಕ್ ಅಲ್ದಾ? ಕೈ ಅಡ್ಡ ಹಿಡಿಲಿಲ್ಲೆ ಅಂದ್ರೆ ನಾವ್ ಬಡ್ಸೂದೇ."

೩. ಬೇಲಿ ಬದಿಯ ದಾಸವಾಳ

ಕಿರಿಮಂಜೇಶ್ವರದಿಂದ ಬರುವ ಒಬ್ಬರು ಹಿರಿಯರ ಮನೆಯಲ್ಲಿ ದಿನಾ ಪೂಜೆ, ಅದಕ್ಕೆ ದಾಸವಾಳ ಬೇಕು. ಕಡಲಪಾಚಿ ಸಸ್ಯವೇ ಹೌದೋ ಎಂದು ಮೊದಲು ಖಾತ್ರಿ ಮಾಡಿಕೊಂಡರು. ಆಮೇಲೆ ಕೇಳಿದರು, "ಮೀನ್ ಇದನ್ನ್ ತಿಂತ್ತಾ?"

"ತಿಂದ್ರೂ ತಿನ್ನುಗು."

"ಹಂಗಾರೆ ಎಂಜಲ್ ಆಯ್ತಲೆ."

ಕುರ್ಚಿಯಲ್ಲಿ ಕೂತು ಬಹಳ ಯೋಚಿಸಿದರು. ದನ ಮೇದ ಹುಲ್ಲಿಗೆ ಎಂಜಲಿಲ್ಲ ಎಂದು ತಾವೇ ಇತ್ಯರ್ಥ ಮಾಡಿ ಒಂದು ಬಾಟಲಿ ಒಯ್ದರು.

ಎರಡು ತಿಂಗಳ ಮೇಲೆ ಮತ್ತೆ ಬಂದರು. ನೆರೆಮನೆಯವನು ಮೀನಿನ ಟಾನಿಕ್ ಹಾಕಿದ ದಾಸವಾಳ ಇವರದ್ದಕ್ಕಿಂತ ದೊಡ್ಡದಾಗಿ ಅರಳಿದೆಯಂತೆ. ಮೀನಿನ ಬಾಟಲಿಯನ್ನು ದೂರದಿಂದಲೇ ತೋರಿಸಿ, "ಅದೊಂದ್ ನೆರೆಮನೆಯವ ಬಂದಾಗ ಕೊಡಿ, ದುಡ್ಡ್ ನಂದ್. ಬೇಲಿ ಬದಿ ನಮ್ಮ ಗಿಡಕ್ಕೂ ಅವನೇ ಹಾಕ್ತ" ಎಂದರು.

"ಆ ಹೂ ಪೂಜೆಗ್ ಆತ್ತಾ?"

"ಹಾಕೂದ್ ಅವ. ನಾನ್ ಕೊಯ್ಯೂದ್ ಮಾತ್ರ."

೪. ಬ್ರಹ್ಮಾವರದವರು

ಬ್ರಹ್ಮಾವರದ ಫ್ಲ್ಯಾಟುಗಳಲ್ಲಿ ಕುಂಡದಲ್ಲಿ ತರಕಾರಿ ಬೆಳೆಸುವ ಆರು ಮಂದಿ ಹೆಂಗಸರು ಫೋನು ಮಾಡಿ, ಟಾನಿಕ್ ತಕೊಳ್ಳುವ ಮೊದಲು ನಿಮ್ಮ ಮನೆಯ ತೋಟ ನೋಡಬೇಕು ಎಂದರು. ಬೇಡ ಎನ್ನಲು ಬಾಯಿ ಬರಲಿಲ್ಲ. ಹೆಂಡತಿಯನ್ನು ಕೂರಿಸಿಕೊಂಡು ಹೇಳಿದೆ, "ಟಾನಿಕ್ ಹಾಕ್ತೆ ಅಂದೇಳಿ ಒಂದ್ ಮಾತ್ ಹೇಳ್. ಸಾಕ್."

"ಕೇಳಿರೆ ಇದ್ದದ್ದೇ ಹೇಳೂದ್" ಎಂದಳು.

ಅವರು ಬಂದರು. ತೊಂಡೆ ಚಪ್ಪರದ ಕೆಳಗೆ ನಿಂತು ಕಾಯಿಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಯಾರನ್ನೂ ಏನೂ ಕೇಳದೆ ಆರೂ ಜನ, ನಾನು ಜಗಲಿಯಲ್ಲಿ ತಂದಿಟ್ಟಿದ್ದ ಕಡಲಪಾಚಿ ಟಾನಿಕ್ಕಿನ ಒಂದೊಂದು ಬಾಟಲಿ ಎತ್ತಿಕೊಂಡರು. ನಾನು ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಅವರಲ್ಲಿ ಹಿರಿಯಾಕೆ ಹೆಂಡತಿಯ ಕಡೆ ತಿರುಗಿದರು.

"ಇದಕ್ಕೆಲ್ಲ ಎಂತ ಹಾಕ್ತ್ರಿ?"

"ಸಗಣಿ, ಒಲೆ ಬೂದಿ, ಮೀನ್ ತೊಳ್ದ ನೀರ್."

"ಟಾನಿಕ್?"

"ಹಾಕೂದಿಲ್ಲೆ."

ನಾನು ತೆಂಗಿನ ಮರದ ತುದಿ ನೋಡುತ್ತಾ ನಿಂತೆ. ನಿಜಕ್ಕೂ ಹೆದರಿಕೆಯಾಗಿತ್ತು. ನಾಳೆ ಬೆಳಿಗ್ಗೆಯೊಳಗೆ ಸುದ್ದಿ ಬೈಂದೂರಿನವರೆಗೆ ಮುಟ್ಟುತ್ತದೆ.

"ಹಂಗಾರೆ ಈ ಬಾಟ್ಲಿ ಯಾರಿಗ್?" ಎಂದರು ಹಿರಿಯಾಕೆ.

"ನಿಮ್ಮಲ್ಲ್ ದನ ಇತ್ತಾ?"

"ಮೂರನೇ ಮಾಳಿಗೆಯಗ್ ದನ ಎಲ್ಲಿಂದ?"

"ಸೌದೆ ಒಲೆ?"

"ಇಲ್ಲೆ."

"ಹಂಗಾರೆ ನಿಮ್ಗೇ. ಇವ್ರ್ ಟಾನಿಕ್ ಮೋಸದ್ದಲ್ಲ. ಎಂತದೂ ಇಲ್ದವರಿಗ್ ಒಳ್ಳೇದೇ."

ಹೋದ ಜೀವ ಬಂತು. ಮದುವೆಯಾದಲ್ಲಿಂದ ಇಲ್ಲಿವರೆಗೆ ಅವಳ ಮೇಲೆ ಇಷ್ಟು ಪ್ರೀತಿ ಒಟ್ಟಿಗೇ ಬಂದದ್ದಿಲ್ಲ. ಎಲ್ಲರೂ ಬಾಟಲಿ ಹಿಡಿದು ಗೇಟಿನವರೆಗೆ ಹೋದರು. ಅಲ್ಲಿ ಹಿರಿಯಾಕೆ ನಿಂತರು.

"ದನ ಇಲ್ಲೆ, ಒಲೆ ಇಲ್ಲೆ. ಆರೆ ನಾವ್ ದಿನಾ ಮೀನ್ ತೊಳಿತ್. ಅದೊಂದೇ ಹಾಕಿರೆ ಸಾಕಾ?"

ಹೆಂಡತಿ ನನ್ನ ಮುಖ ನೋಡಲಿಲ್ಲ. "ಸಾಕ್. ಉಪ್ಪ್ ಹಾಕಿ ತೊಳ್ದದ್ದ್ ಬೇಡ, ಸುರೂ ನೀರ್ ಮಾತ್ರ."

ನಾಲ್ಕು ಬಾಟಲಿಗಳು ಜಗಲಿಗೆ ವಾಪಸು ಬಂದವು. ಉಳಿದ ಇಬ್ಬರು ಮೀನು ತಿನ್ನುವವರಲ್ಲ.

ಅವರ ಗಾಡಿ ತಿರುವು ದಾಟುವವರೆಗೆ ತಡೆದುಕೊಂಡು, ಆಮೇಲೆ ರೇಗಿದೆ. ಒಂದೇ ಒಂದು ಸುಳ್ಳು ಹೇಳಿದ್ದರೆ ಆರೂ ಹೋಗುತ್ತಿತ್ತು ಎಂದೆ.

ಅವಳು ಬಾಟಲಿಗಳನ್ನು ಒಂದೊಂದಾಗಿ ನನ್ನ ಚೀಲಕ್ಕೆ ತುಂಬುತ್ತಾ ಹೇಳಿದಳು, "ನಾನ್ ನಿಜ ಹೇಳಿ ಎರಡ್ ಮಾರ್ದೆ. ನೀವ್ ಇಷ್ಟ್ ವರ್ಷದಗ್ ನಿಜ ಹೇಳಿ ಎಷ್ಟ್ ಮಾರಿದ್ರಿ?"