ಕೀ ಮಾತ್ರ ಕೊಡುವುದಿಲ್ಲ

ನಮ್ಮ ಸೋದರಮಾವನನ್ನು ಬೆಂಗಳೂರಿನ ಟ್ರಾಫಿಕ್ ಪೊಲೀಸರು ಹಿಡಿದದ್ದಕ್ಕಿಂತ ಅವರೇ ಪೊಲೀಸರನ್ನು ಹಿಡಿದದ್ದು ಹೆಚ್ಚು. ಉಳಿದವರು ದೂರದಲ್ಲಿ ಬಿಳಿ ಅಂಗಿ ಕಂಡರೆ ಪಕ್ಕದ ಕ್ರಾಸಿಗೆ ನುಗ್ಗುತ್ತಾರೆ. ಮಾವ ಕ್ರಾಸಿನಲ್ಲಿದ್ದರೂ ಮೈನ್ ರೋಡಿಗೆ ಬರುತ್ತಾರೆ. ಹಬ್ಬದ ದಿನ ನೆಂಟರ ಮನೆ ಮುಂದೆ ನಿಲ್ಲಿಸುವಷ್ಟು ಸಂತೋಷದಿಂದ ತಮ್ಮ ಹಳೆಯ ಬೂದು ಬಣ್ಣದ ಕಾರನ್ನು ಎಡಕ್ಕೆ ತಂದು ನಿಲ್ಲಿಸುತ್ತಾರೆ.

ಇದು ಉತ್ಪ್ರೇಕ್ಷೆ ಎಂದು ನನ್ನ ತಂಗಿ ಹೇಳುತ್ತಾಳೆ. ಇರಬಹುದು. ಸಾಕ್ಷಿಯಿಲ್ಲದೆ ಏನನ್ನೂ ನಂಬಬೇಡ ಎಂದು ಯೂನಿವರ್ಸಿಟಿಯಲ್ಲಿ ನನಗೆ ಕಲಿಸಿದರು. ಆ ವಿದ್ಯೆಯನ್ನು ಮೊದಲು ದೇವರ ಮೇಲೆ ಪ್ರಯೋಗಿಸಿದೆ, ಆಮೇಲೆ ಸರ್ಕಾರದ ಮೇಲೆ. ಈಗ ಅದು ತಿರುಗಿ ನನ್ನ ನೆನಪಿನ ಮೇಲೆಯೇ ಬಿದ್ದಿದೆ. ಆದ್ದರಿಂದ ನಾನು ಜಯನಗರ ಎಂದು ಬರೆದ ಕಡೆ ನೀವು ಜೆ.ಪಿ. ನಗರ ಎಂದು ಓದಿಕೊಂಡರೂ ನನ್ನ ಅಭ್ಯಂತರವಿಲ್ಲ. ಮಾವನನ್ನು ಮಾತ್ರ ಬದಲಾಯಿಸಬೇಡಿ.

ಮಾವನದು ಒಂದು ಸಿದ್ಧಾಂತ. ಸಂಧ್ಯಾವಂದನೆಯನ್ನಾದರೂ ಒಂದೊಂದು ದಿನ ಬಿಟ್ಟಾರು, ಇದನ್ನು ಬಿಟ್ಟವರಲ್ಲ. "ನಿಲ್ಲಿಸು ಅಂದ್ರೆ ನಿಲ್ಲಿಸೋದು ನಮ್ಮ ಕರ್ತವ್ಯ. ಯಾಕೆ ನಿಲ್ಲಿಸಿದ್ರಿ ಅಂತ ಕೇಳೋದು ನಮ್ಮ ಹಕ್ಕು. ಗಾಡಿಯಿಂದ ಕೀ ಕಿತ್ಕೊಳ್ಳೋ ಹಕ್ಕು ಮಾತ್ರ ಯಾರಿಗೂ ಇಲ್ಲ."

ಕೀ ವಿಷಯಕ್ಕೆ ಒಂದು ಪೂರ್ವಕಥೆಯಿದೆ. ಮದುವೆಯಾದ ಹೊಸದರಲ್ಲಿ ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವಾಗ ಯಾರೋ ಪೇದೆ ಕೀ ಕಿತ್ತುಕೊಂಡು ಹೊರಟೇ ಹೋದನಂತೆ. ಇವರು ಹೊಸ ಹೆಂಡತಿಯ ಎದುರಿಗೆ ಬನಶಂಕರಿಯವರೆಗೆ ಸ್ಕೂಟರ್ ತಳ್ಳಿಕೊಂಡು ಬಂದರಂತೆ. ಒಂದು ಸಲ ಹೇಳುವಾಗ ಇದರಲ್ಲಿ ಮಳೆ ಬರುತ್ತದೆ, ಇನ್ನೊಂದು ಸಲ ಉರಿಬಿಸಿಲು. ಯಾವುದು ನಿಜ ಎಂದು ಅತ್ತೆಯನ್ನು ಕೇಳಿದೆ.

"ನಾನು ಇವರ ಮುಖ ನೋಡ್ತಾ ಬಂದೆ ಕಣೋ. ಆಕಾಶ ಯಾರು ನೋಡಿದ್ರು?" ಅಂದರು.

ಅಂದಿನಿಂದ ಮಾವ ಗಾಡಿ ನಿಲ್ಲಿಸಿದ ಕೂಡಲೇ ಕೀ ತೆಗೆದು ಅಂಗಿಯ ಎಡಜೇಬಿಗೆ ಹಾಕಿಕೊಳ್ಳುತ್ತಾರೆ. ಕಿಟಕಿ ಇಳಿಸುತ್ತಾರೆ. ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು, ಫೋಟೋಗೆ ಕೂತವರ ಹಾಗೆ ಕಾಯುತ್ತಾರೆ. ಪಕ್ಕದ ಸೀಟಿನಲ್ಲಿ ಅತ್ತೆ ಸದ್ದಿಲ್ಲದೆ ಕೋಡುಬಳೆ ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. ಎಷ್ಟು ಹೊತ್ತು ಹಿಡಿಯುತ್ತದೆಂದು ಅವರಿಗೆ ಗೊತ್ತು.

ಒಮ್ಮೆ ಜಯನಗರದಲ್ಲಿ ಹೀಗೆ ನಿಲ್ಲಿಸಿದರು. ನಾನು ಹಿಂದಿನ ಸೀಟಿನಲ್ಲಿದ್ದೆ. ಪೊಲೀಸಿನವರು ಗಾಬರಿಯಿಂದ ಬಂದರು.

"ಏನಾಯ್ತು ಸಾರ್? ಗಾಡಿ ಕೆಟ್ಟೋಯ್ತಾ?"

"ನೀವು ಕೈ ತೋರಿಸಿದ್ರಿ, ನಿಲ್ಲಿಸಿದೆ. ಯಾಕೆ ನಿಲ್ಲಿಸಿದ್ರಿ ಅಂತ ತಿಳ್ಕೋಬಹುದಾ?"

"ನಿಮ್ಗಲ್ಲ ಸಾರ್. ನೊಣ ಓಡಿಸ್ತಿದ್ದೆ."

"ಹಾಗಾದ್ರೆ ಈಗ ಹೋಗು ಅಂತ ಸನ್ನೆ ಮಾಡಿ. ಅದಿಲ್ದೆ ನಾನು ಹೇಗೆ ಹೊರಡಲಿ?"

ಹಿಂದೆ ಬಸ್ಸು, ಆಟೋ, ಎಲ್ಲರ ಹಾರ್ನು. ಆ ಪುಣ್ಯಾತ್ಮರು ಅಟೆನ್ಷನ್‌ನಲ್ಲಿ ನಿಂತು, ಪರೇಡ್ ಮೈದಾನದಲ್ಲಿ ಮಾಡುವಂತೆ ಕೈ ಬೀಸಿ ನಮ್ಮನ್ನು ಕಳಿಸಿಕೊಟ್ಟರು. ಮಾವ ಥ್ಯಾಂಕ್ಸ್ ಹೇಳಿದರು. ಅತ್ತೆ ಡಬ್ಬಿ ಮುಚ್ಚುತ್ತಾ, "ಪಾಪ, ಒಂದೂ ತಿನ್ನಲಿಲ್ಲ" ಎಂದು ಬೇಜಾರು ಮಾಡಿಕೊಂಡರು.

ಇನ್ನೊಂದು ಸಲ ಬಿಟಿಎಂ ಲೇಔಟಿನಲ್ಲಿ ನಿಜವಾಗಿಯೂ ತಪ್ಪು ಮಾಡಿದರು. ಒನ್‌ವೇಗೆ ಎದುರಿನಿಂದ ನುಗ್ಗಿದ್ದರು. ನಿಲ್ಲಿಸಿದ ಹುಡುಗ ಉತ್ತರ ಕರ್ನಾಟಕದವನು, ಹೊಸದಾಗಿ ಕೆಲಸಕ್ಕೆ ಸೇರಿದವನಿರಬೇಕು, ಮುಖದಲ್ಲಿನ್ನೂ ದಾಕ್ಷಿಣ್ಯವಿತ್ತು.

"ವಯಸ್ಸಾದವ್ರು ಇದ್ದೀರಿ. ಇದೊಂದ್ ಸಲ ಬಿಟ್ಟೇನ್ರಿ, ಹೋಗ್ರಿ ಯಜಮಾನ್ರ."

"ಅದು ಹೇಗೆ ಬಿಡ್ತೀರಿ? ತಪ್ಪು ನನ್ನದು. ದಂಡ ಕಟ್ಟಿ ರಸೀದಿ ತಗೊಳ್ಳೋದು ನನ್ನ ಹಕ್ಕು."

"ಮಷಿನ್ಯಾಗ ಪೇಪರ್ ಮುಗದೈತ್ರಿ."

"ತರಿಸಿ. ಕಾಯ್ತೀನಿ."

ತಪ್ಪು ಮಾಡಿದವನು ದಂಡ ಹಾಕೆಂದು ಹಟ ಹಿಡಿಯುವುದು, ಪೊಲೀಸು ಬೇಡವೆಂದು ಬೇಡಿಕೊಳ್ಳುವುದು! ಹುಡುಗ ಕೊನೆಗೆ ಆಚೆ ಕಿಟಕಿಗೆ ಬಂದು ಅತ್ತೆಯ ಮೊರೆಹೊಕ್ಕ. "ಅಮ್ಮಾರ, ಮನ್ಯಾಗೂ ಹಿಂಗ ಏನ್ರಿ ಇವರು?"

"ಮನೇಲಿ ರಸೀದಿ ಕೊಡೋ ಅಧಿಕಾರ ನನಗಿಲ್ಲಪ್ಪ. ಕೋಡುಬಳೆ ತಗೋ."

ಪೇಪರ್ ಬರುವ ಹೊತ್ತಿಗೆ ಡಬ್ಬಿ ಅರ್ಧ ಖಾಲಿಯಾಗಿತ್ತು. ಅವನ ಊರು, ಅವನ ಬಾಡಿಗೆ ಮನೆ, ಅವನಿಗೆ ನೋಡಿದ್ದ ಹುಡುಗಿ, ಎಲ್ಲವೂ ಅತ್ತೆಗೆ ಗೊತ್ತಾಗಿತ್ತು.

ಇನ್ನು ಮೂರನೆಯದು. ಇದನ್ನು ಹೇಳಿದಾಗ ನಮ್ಮ ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ. ನಮ್ಮ ಊರಿನ ಕೆಲವು ಸರ್ಕಲ್‌ಗಳಲ್ಲಿ ಬಟ್ಟೆ ಅಂಗಡಿಯ ಗೊಂಬೆಗಳಿಗೆ ಪೊಲೀಸ್ ಯೂನಿಫಾರ್ಮ್ ತೊಡಿಸಿ ನಿಲ್ಲಿಸಿದ್ದರಲ್ಲ, ನೆನಪಿದೆಯೆ? ಟೋಪಿ, ಕಪ್ಪು ಕನ್ನಡಕ, ಮೂಗಿನ ಮೇಲೆ ಮಾಸ್ಕು. ಜೆ.ಪಿ. ನಗರದಲ್ಲಿ ಒಂದು ಸಂಜೆ ಮಾವ ಅಂಥ ಗೊಂಬೆಯ ಮುಂದೆ ಕಾರು ನಿಲ್ಲಿಸಿದರು. ಕೀ ಜೇಬಿಗೆ ಹೋಯಿತು, ಕಿಟಕಿ ಇಳಿಯಿತು.

"ನಮಸ್ಕಾರ ಸಾರ್. ಯಾಕೆ ನಿಲ್ಲಿಸಿದ್ರಿ ಅಂತ ತಿಳ್ಕೋಬಹುದಾ?"

ಗೊಂಬೆ ಸುಮ್ಮನಿತ್ತು. ಮಾವ ತಮ್ಮ ಕರ್ತವ್ಯ, ತಮ್ಮ ಹಕ್ಕು, ಎರಡನ್ನೂ ನಿಧಾನವಾಗಿ ವಿವರಿಸಿದರು. ಲೈಸೆನ್ಸು ತೆಗೆದು ಕಿಟಕಿಯಾಚೆ ಚಾಚಿದರು. ಹಿಂದೆ ಕೂತಿದ್ದ ನಾನು ನಗು ತಡೆಯಲಾರದೆ, "ಮಾವ, ಅದು ಗೊಂಬೆ" ಅಂದೆ.

ಅವರು ಒಂದು ಕ್ಷಣ ಕೈಯನ್ನು ಹಾಗೆಯೇ ಚಾಚಿಕೊಂಡಿದ್ದರು. ಆಮೇಲೆ, "ಗೊತ್ತು ಕಣೋ. ಇಡೀ ಇಲಾಖೇಲಿ ನನ್ನ ಮಾತು ಪೂರ್ತಿ ಕೇಳಿದವನು ಇವನೊಬ್ಬನೇ" ಎಂದರು.

ನಾನು ಇನ್ನೂ ಜೋರಾಗಿ ನಕ್ಕೆ. ಅತ್ತೆಯೂ ನಕ್ಕರು ಎಂದೇ ಬಹಳ ದಿನ ನಂಬಿಕೊಂಡಿದ್ದೆ. ಈಗ ನೆನೆದರೆ ಕಾಣುವುದೇ ಬೇರೆ. ಅವತ್ತು ಅವರು ಕೋಡುಬಳೆ ಡಬ್ಬಿ ತೆಗೆದಿರಲಿಲ್ಲ. ಎರಡೂ ಕೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಿದ್ದರು.

ಆಮೇಲೆ ಮಾವನನ್ನು ಪರೀಕ್ಷಿಸಿದ ಕಣ್ಣಿನ ಡಾಕ್ಟರು ಹೇಳಿದ್ದು ಸ್ಪಷ್ಟವಾಗಿತ್ತು. ಒಳಗಿನ ನರ ಸೋತಿದೆ, ಆಪರೇಷನ್ನಿನಿಂದ ಹೋದದ್ದು ವಾಪಸ್ ಬರುವುದಿಲ್ಲ, ಇನ್ನು ಡ್ರೈವಿಂಗ್ ಬೇಡ. ಮಾವ ಒಪ್ಪಲಿಲ್ಲ.

"ಡಾಕ್ಟರಿಗೆ ಗಾಡಿ ನಿಲ್ಲಿಸೋ ಅಧಿಕಾರ ಎಲ್ಲಿದೆ? ಯೂನಿಫಾರ್ಮ್ ಹಾಕಿರಬೇಕು."

"ಬಿಳಿ ಕೋಟು ಹಾಕಿದ್ರಲ್ಲ ಮಾವ?"

"ಅದು ಬೇರೆ ಇಲಾಖೆ."

ಮಾವನ ಮಗಳು ಬಿಳೇಕಹಳ್ಳಿಯಲ್ಲಿದ್ದಾಳೆ. ಅವಳು ಫೋನಿನಲ್ಲಿ ಅತ್ತಳು, ಬೈದಳು, ಕೊನೆಗೆ ನನಗೆ ಹೇಳಿದಳು: "ನೀನು ಆ ಕೀ ಎತ್ತಿ ಬಚ್ಚಿಟ್ಬಿಡೋ." ಯಾರ ಕೀ? ಯಾವ ಜೇಬಿನಿಂದ? ದೇವರನ್ನೂ ಸರ್ಕಾರವನ್ನೂ ಪ್ರಶ್ನಿಸಿದ ನನಗೆ ಆ ಜೇಬಿಗೆ ಕೈ ಹಾಕುವ ಧೈರ್ಯ ಬರಲಿಲ್ಲ. ಹೆಂಡತಿಯ ಮುಂದೆ ಸ್ಕೂಟರ್ ತಳ್ಳಿದ ಆ ತರುಣ ಇನ್ನೂ ಅವರೊಳಗೆಲ್ಲೋ ಇದ್ದ. ಅವನಿಂದ ಇನ್ನೊಂದು ಸಲ ಕೀ ಕಿತ್ತುಕೊಳ್ಳುವುದು ಹೇಗೆ?

ಹೀಗಿರುವಾಗ ಒಂದು ದಿನ ಮಗಳಿಗೆ ಆಫೀಸಿನಲ್ಲಿ ಕೆಲಸ ಮುಗಿಯಲಿಲ್ಲ. ಮೊಮ್ಮಗಳನ್ನು ಸ್ಕೂಲಿನಿಂದ ಕರೆತರಲು ಆಟೋದಲ್ಲಿ ಹೋಗಿ ಎಂದು ಅಪ್ಪನಿಗೆ ಹೇಳಿದ್ದಳು. ಮಾವ ಗೇಟು ತೆರೆದು ಕಾರಿನಲ್ಲಿ ಕೂತರು. ನಾನು ಜೊತೆಗಿದ್ದೆ. "ಆಟೋ ಕರೀತೀನಿ ಮಾವ" ಎಂದು ಮೂರ್ನಾಲ್ಕು ಸಲ ಹೇಳಿದ್ದೆ. ಅವರು ಹಾಡು ಗುನುಗಿಕೊಂಡು ಇಂಜಿನ್ ಸ್ಟಾರ್ಟ್ ಮಾಡಿದರು.

ಆಗ ಅಡುಗೆಮನೆಯಿಂದ ಅತ್ತೆ ಓಡಿಬಂದರು. ಕೋಡುಬಳೆ ಮಾಡುತ್ತಿದ್ದವರು. ಹಸಿರು ಸೀರೆ ಉಟ್ಟಿದ್ದರು ಎಂದು ನನ್ನ ನೆನಪು. ನೈಟಿಯಲ್ಲಿದ್ದೆ ಎಂದು ಅವರ ವಾದ. ಏನೇ ಇರಲಿ, ಗೇಟಿನ ನಡುವೆ, ಕಾರಿನ ಮೂತಿಗೆ ಎದುರಾಗಿ ನಿಂತರು. ಬಲಗೈಯೆತ್ತಿ ಅಂಗೈ ತೋರಿಸಿದರು. ಅಕ್ಕಿಹಿಟ್ಟು ಮೆತ್ತಿದ ಆ ಕೈ ಬಿಳಿ ಗ್ಲೌಸ್ ತೊಟ್ಟಂತೆ ಬೆಳ್ಳಗೆ ಎದ್ದು ಕಾಣುತ್ತಿತ್ತು.

ಮಾವ ಬ್ರೇಕ್ ಹಾಕಿದರು. ಇಂಜಿನ್ ಆರಿಸಿದರು. ಕೀ ಜೇಬಿಗೆ ಹೋಯಿತು, ಕಿಟಕಿ ಇಳಿಯಿತು, ಎರಡೂ ಕೈ ಸ್ಟಿಯರಿಂಗ್ ಮೇಲೆ ಕೂತವು.

"ಯೂನಿಫಾರ್ಮ್ ಇಲ್ಲ" ಎಂದರು.

"ಇಷ್ಟು ವರ್ಷ ಪಕ್ಕದಲ್ಲಿ ಕೂತಿದ್ದೀನಲ್ಲ ರೀ, ಸಾಲದಾ?"

ಮಾವ ಗಂಟಲು ಸರಿಮಾಡಿಕೊಂಡರು. "ಯಾಕೆ ನಿಲ್ಲಿಸಿದ್ರಿ ಅಂತ ತಿಳ್ಕೋಬಹುದಾ?"

ಅತ್ತೆ ಕಿಟಕಿಯ ಬಳಿ ಬಂದರು. "ನಾನು ಕೂತಾಗ ಏನೂ ಅನ್ನಲಿಲ್ಲ. ಏನಾದ್ರೂ ಜೊತೇಲೇ ಆಗತ್ತೆ ಅಂದ್ಕೋತಿದ್ದೆ. ಇವತ್ತು ಮಗು ಕೂತ್ಕೊಳ್ಳತ್ತೆ. ನಂಗೆ ಭಯ ಆಗತ್ತೆ ರೀ."

ಅಷ್ಟೇ ಹೇಳಿದ್ದು. ಕೀ ಕೊಡಿ ಅನ್ನಲಿಲ್ಲ. ಕೈ ಚಾಚಲಿಲ್ಲ. ಒಳಗೆ ಬಾಣಲೆಯ ಎಣ್ಣೆ ಕಾಯ್ದು ವಾಸನೆ ಬರುತ್ತಿತ್ತು, ಅದಕ್ಕೂ ಓಡಲಿಲ್ಲ. ನಾನು ಹೋಗಿ ಗ್ಯಾಸ್ ಆರಿಸಿ ಬಂದೆ. ಬರುವಷ್ಟರಲ್ಲಿ ಮಾವ ಕಾರಿನಿಂದ ಇಳಿದು ನಿಂತಿದ್ದರು. ಎಡಜೇಬಿನಿಂದ ಕೀ ತೆಗೆದು, ಹಿಟ್ಟು ಮೆತ್ತಿದ ಆ ಅಂಗೈಯ ಮೇಲಿಟ್ಟರು.

"ನೀನು ಕಿತ್ಕೊಂಡಿಲ್ಲ. ನಾನು ಕೊಟ್ಟೆ."

"ಹೌದು ರೀ. ನೀವೇ ಕೊಟ್ರಿ."

"ರಸೀದಿ ಕೊಡು."

ಅತ್ತೆ ಒಳಗೆ ಹೋದರು. ಆಗಷ್ಟೇ ಕರಿದು ತೆಗೆದಿದ್ದ ಒಂದು ಕೋಡುಬಳೆ ತಂದು, ಕೀ ಇದ್ದ ಜೇಬಿನಲ್ಲೇ ಹಾಕಿದರು. ಬಿಸಿ ತಾಗಿತೇನೋ, ಮಾವ ಅದರ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಹಾಗೆಯೇ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಆಟೋ ಕರೀತೀನಿ ಅಂದ್ಯಲ್ಲ, ಎಲ್ಲೋ?" ಎಂದರು.

ಆಟೋದಲ್ಲಿ ಬಿಳೇಕಹಳ್ಳಿಯವರೆಗೂ ಅವರ ಕೈ ಆ ಜೇಬಿನ ಮೇಲೆಯೇ ಇತ್ತು. ಹಸಿವಾಗಿದ್ದರೆ ಕೋಡುಬಳೆ ತಿನ್ನಿ ಮಾವ ಅಂದೆ. "ರಸೀದಿ ಯಾರಾದ್ರೂ ತಿಂತಾರೇನೋ?" ಅಂದರು.

ಅದು ಕೋಡುಬಳೆಯೇ ಅಲ್ಲ, ಚಕ್ಕುಲಿ ಎಂದು ಈಚೆಗೆ ಅತ್ತೆ ಹೇಳತೊಡಗಿದ್ದಾರೆ. ಅವರ ಮಾತನ್ನೂ ನಂಬಲಾರೆ, ನನ್ನ ನೆನಪನ್ನೂ ನಂಬಲಾರೆ. ಆದರೆ ಆ ಅಂಗಿಯನ್ನು ಮಾವ ಇವತ್ತಿಗೂ ಹಾಕಿಕೊಳ್ಳುತ್ತಾರೆ. ಎಡಜೇಬಿನ ಮೇಲೆ ದುಂಡಗೆ ಒಂದು ಎಣ್ಣೆ ಕಲೆಯಿದೆ. ಎಷ್ಟು ಒಗೆದರೂ ಹೋಗಿಲ್ಲ. ಒಗೆಯುವವರು ಅತ್ತೆಯೇ, ಜೋರಾಗಿ ಉಜ್ಜುತ್ತಾರೆಂದು ನನಗನ್ನಿಸುವುದಿಲ್ಲ.